ಗುಂಡಿ ಮುಚ್ಚಿದ ಭಾನುವಾರ

"ಮಣ್ಣಿಗೂ ಡಾಕ್ಟರಂತೆ ಕಣೇ ಮಾಂಕಾ! ಮಣ್ಣಿಗೇನು ಜ್ವರ ಬಂದಿದೆಯಾ?" ಐಕಾರುವಾ ಚಿಕ್ಕಮ್ಮ ತಲೆಯ ಮೇಲಿನ ಬಾಳೆಗೊನೆ ಇಳಿಸುತ್ತಲೇ ಕೇಳಿದಳು. "ಜ್ವರ ಬಂದಿರೋದು ಮಣ್ಣಿಗಲ್ಲ, ನಿನ್ನ ಅಮಿನಿಯೇಲಿಗೆ. ದಿನಾ ಗಡ್ಡ ಹೆರೆದುಕೊಂಡು ಕಾಡಿಗೆ ಹೋಗ್ತಾನೆ. ಗುಂಡಿ ತೋಡೋನಿಗೆ ಗಡ್ಡ ಏನು ಅಡ್ಡ ಬರುತ್ತೆ?"

"ಅವನು ನನ್ನ ಅಮಿನಿಯೇಲಿ ಅಲ್ಲ," ಅಂದೆ.

"ಹೌದೌದು. ಮತ್ತೆ ನಿನ್ನ ಮುಖ ಯಾಕೆ ನಾಲ್ಕು ದಿನದ ಬಾಳೆ ಬೀರಿನ ಹಾಗೆ ಹುಳಿಯಾಯ್ತು?"

ಅವನು ನನ್ನವನಲ್ಲ ಎಂಬುದು ನಿಜವೇ. ಮೂರು ವರ್ಷದಿಂದ ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಹುಲ್ಲಿನ ಹೊರೆ, ಅಷ್ಟೇ. ನನ್ನ ಎರಡು ಹಸುಗಳಿಗೆ ಮೇವು ತರಲು ನಾನು ದಿನಾ ಕಾಡಿನ ಅಂಚಿಗೆ ಹತ್ತುತ್ತೇನೆ. ಹೊರೆ ಕಟ್ಟಿ ಮುಗಿಸುವ ಹೊತ್ತಿಗೆ ಸರಿಯಾಗಿ ಅವನು ಎಲ್ಲಿಂದಲೋ ಬರುತ್ತಾನೆ, ಎತ್ತಿ ನನ್ನ ತಲೆಯ ಮೇಲಿಡುತ್ತಾನೆ. ಇಟ್ಟ ಮೇಲೂ ಅವನ ಕೈ ಹೊರೆಯನ್ನು ಬಿಡುವುದು ಒಂದು ಗಳಿಗೆ ತಡ. ಆ ಒಂದು ಗಳಿಗೆಯನ್ನು ನಾನು ಮನೆಯವರೆಗೆ ಹೊತ್ತು ತರುತ್ತಿದ್ದೆ. ಬಾಯಿಬಿಟ್ಟು ಅವನೂ ಏನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಮೇಲೆ ಕರಾವಳಿಯ ತಾಂಗಾ ಪಟ್ಟಣದಿಂದ ಡಾಕ್ಟರ್ ರುಕಿಯಾ ಬಂದಳು. ಅರಿಶಿನ ಬಣ್ಣದ ತಲೆವಸ್ತ್ರ, ಕೈಯಲ್ಲಿ ಸಣ್ಣ ಸುತ್ತಿಗೆ. ನಮ್ಮ ಬೆಟ್ಟದ ಕಾಡಿನ ಮಣ್ಣು ಪರೀಕ್ಷಿಸಲು ಗುಂಡಿ ತೋಡುವ ಆಳು ಬೇಕೆಂದಳು. ಇಡೀ ಊರಲ್ಲಿ ಅವಳಿಗೆ ಸಿಕ್ಕ ಆಳು ಯಾರು? ಅವನೇ.

ಶನಿವಾರ ನಾನೇ ಕಣ್ಣಾರೆ ಕಂಡೆ. ನಾನು ಮೇಲಿನ ದಿಣ್ಣೆಯಲ್ಲಿ ಹುಲ್ಲು ಕೊಯ್ಯುತ್ತಿದ್ದೆ. ಕೆಳಗೆ ಭುಜದೆತ್ತರದ ಗುಂಡಿಯಲ್ಲಿ ಇಬ್ಬರೂ ನಿಂತಿದ್ದರು. ಅವಳು ಬಟ್ಟೆಗಂಟಿನಿಂದ ಚಿಟಿಕೆ ಮಣ್ಣು ತೆಗೆದು ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟಳು. ಅದರ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. "ಇನ್ನೂ ಒತ್ತಬೇಕು," ಅಂದಳು. ಒತ್ತುತ್ತಲೇ ಇದ್ದಳು. ಅವನು ನಕ್ಕ. ಸೊಟ್ಟ ಹಲ್ಲು ಕಾಣುವ ಆ ನಗು ನನಗೊಬ್ಬಳಿಗೇ ಎತ್ತಿಟ್ಟದ್ದು ಎಂದುಕೊಂಡಿದ್ದೆ, ನೋಡಿ.

ಸಂಜೆ ಹೊರೆ ಎತ್ತಲು ಓಡೋಡಿ ಬಂದ.

"ಮಾಂಕಾ, ನಮ್ಮ ಮಣ್ಣು ಎಂಥ ಕಳ್ಳ ಗೊತ್ತಾ? ನೋಡೋಕೆ ಒಣಗಿದ ಹಾಗೇ ಇರುತ್ತೆ. ಬೆರಳ ಮಧ್ಯೆ ಇಟ್ಟು ಒತ್ತು, ಒತ್ತು, ಏನೂ ಆಗಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ನೀರು ಬಿಟ್ಟು ಸೋಪಿನ ಥರ ಜಾರಿಬಿಡುತ್ತೆ! ಬೆಟ್ಟ ಉಗುಳಿದ ಬೂದಿಯಿಂದ ಆದ ಮಣ್ಣಿನ ಗುಣವಂತೆ."

"ಯಾರ ಬೆರಳ ಮಧ್ಯೆ?"

"ಹಾಂ?"

"ಒತ್ತೋ ಬೆರಳು ಯಾರದ್ದು ಅಂದೆ."

ಅವನು ನನ್ನನ್ನೇ ನೋಡಿದ. "ಹೊರೆ ಎತ್ತಲಾ?"

"ಬೇಡ. ದೇವರು ನನಗೂ ಕೈ ಕೊಟ್ಟಿದ್ದಾನೆ."

ನಾನೇ ಎತ್ತಿಕೊಂಡೆ. ಎರಡು ದಿನ ಕತ್ತು ನೋಯಿತು.

ಭಾನುವಾರ ಊರೆಲ್ಲ ಇಗರ್ಜಿಯಲ್ಲಿತ್ತು. ನಾನು ತಲೆನೋವೆಂದು ಹೇಳಿ, ಗುದ್ದಲಿ ಹಿಡಿದು ಕಾಡಿಗೆ ಹೋದೆ. ಗುಂಡಿಯ ಸುತ್ತ ಅಗೆದ ಮಣ್ಣು ಮೂರು ರಾಶಿಯಾಗಿ ಬಿದ್ದಿತ್ತು. ಕೆಳಗಿನ ಇಗರ್ಜಿಯಿಂದ ಹಾಡು ಕೇಳುತ್ತಿತ್ತು. ಒಂದೊಂದು ಚರಣಕ್ಕೆ ಹತ್ತು ಗುದ್ದಲಿ ಮಣ್ಣಿನಂತೆ ಎಳೆದು ತುಂಬಿದೆ. ಮುಚ್ಚಿ, ಮೇಲೆ ತುಳಿದು, "ಈಗ ಒತ್ತಿಕೊಳ್ಳಿ, ಎಷ್ಟು ಬೇಕಾದರೂ ಒತ್ತಿಕೊಳ್ಳಿ," ಎಂದು ಗುಂಡಿಗೇ ಹೇಳಿ ಬಂದೆ. ಅಂದು ಮಧ್ಯಾಹ್ನ ಎರಡು ಬಟ್ಟಲು ಬಾಳೆಕಾಯಿ ಸಾರು ಕುಡಿದು ಹಾಯಾಗಿ ಮಲಗಿದೆ. ನಿಜ ಹೇಳುತ್ತೇನೆ, ನಾಚಿಕೆಯೇ ಆಗಲಿಲ್ಲ.

ನಾಚಿಕೆ ಬಂದದ್ದು ಸೋಮವಾರ, ಚಿಕ್ಕಮ್ಮನ ಬಾಯಿಂದ.

"ಯಾರೋ ಗುಂಡಿ ಮುಚ್ಚಿಬಿಟ್ಟಿದ್ದಾರಂತೆ ಕಣೇ! ತಳದ ಮಣ್ಣು ಇನ್ನೂ ಚೀಲಕ್ಕೆ ತುಂಬಿರಲಿಲ್ಲವಂತೆ. ಡಾಕ್ಟರಮ್ಮ ಬೆಂಕಿ! ಯಾರು ಮಾಡಿದ್ದು ಅಂದ್ರೆ ನಿನ್ನ ಹುಡುಗ ಏನಂದ ಗೊತ್ತಾ? 'ನಾನೇ ಮುಚ್ಚಿದೆ, ಕೆಲಸ ಮುಗೀತು ಅಂದ್ಕೊಂಡೆ' ಅಂದನಂತೆ. ಬೆಟ್ಟ ಸುತ್ತಿ ಮಣ್ಣು ತೆಗೆಯೋ ಕಾಯಂ ಕೆಲಸಕ್ಕೆ ಅವನ ಹೆಸರು ಬರೆದು ಪತ್ರ ಕೊಡ್ತೀನಿ ಅಂದಿದ್ಳಲ್ಲ, ಈಗ ಕೊಡಲ್ವಂತೆ. ನಾಳೆ ಮಧ್ಯಾಹ್ನ ಹೊರಟು ಹೋಗ್ತಾಳೆ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡು ಅಂತ ಹೇಳಿದ್ದಾಳೆ."

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ನನ್ನ ಅಂಗೈಯ ಬೊಬ್ಬೆಗಳ ಮೇಲೆ ಬಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಚಿಕ್ಕಮ್ಮ ಆಗ ಮುಚ್ಚಿದಳು. "ಬೇಲಿಯಲ್ಲಿ ಇಸಾಲೆ ಚೆನ್ನಾಗಿ ಚಿಗುರಿದೆ," ಎಂದಷ್ಟೇ ಹೇಳಿ ಎದ್ದುಹೋದಳು.

ಅದರರ್ಥ ನಮ್ಮಲ್ಲಿ ಮಗುವಿಗೂ ಗೊತ್ತು. ಇಸಾಲೆಯ ಎಲೆಗೆ ಗಂಟು ಹಾಕಿ ಹಿಡಿದು ಎದುರು ನಿಂತವರಿಗೆ ಕ್ಷಮೆ ಇಲ್ಲ ಎನ್ನುವಂತಿಲ್ಲ. ಎಂಥ ಹಗೆಯಾದರೂ ಸರಿ, ಆ ಎಲೆಯ ಮುಂದೆ ಬಿಡಲೇಬೇಕು.

ಮಂಗಳವಾರ ಬೆಳಗ್ಗೆ ಎಲೆ ಕೊಯ್ದು, ಗಂಟು ಹಾಕಿ, ಹತ್ತಿದೆ. ಹಳೆಯ ಗುಂಡಿಯಿಂದ ನಾಲ್ಕು ಹೆಜ್ಜೆ ಆಚೆ ಅವನು ಸೊಂಟದವರೆಗೆ ಮಣ್ಣಿನಲ್ಲಿದ್ದ. ಗಡ್ಡ ಹೆರೆದಿರಲಿಲ್ಲ. ತಲೆಯೆತ್ತದೆ ಕೇಳಿದ, "ಎಲೆ ತಂದ್ಯಾ?"

"ತಂದೆ."

"ಆಚೆ ಇಡು."

"ಕ್ಷಮಿಸಲ್ವಾ?"

"ಎಲೆ ಹಿಡಿದು ನಿಂತ್ರೆ ಕ್ಷಮಿಸಲೇಬೇಕು. ಅದರಲ್ಲಿ ನಾನು ಕೊಟ್ಟಿದ್ದೇನು ಬಂತು? ಬರಿಗೈಯಲ್ಲಿ ಕೇಳು."

ಎಲೆಯನ್ನು ಜರೀಗಿಡದ ಮೇಲಿಟ್ಟೆ. ಬರಿಗೈಯಲ್ಲಿ ನಿಂತರೆ ಹೊರೆ ಇಲ್ಲದ ತಲೆಯ ಹಾಗೆ ಎಲ್ಲ ಬೋಳು ಬೋಳು. ಕಲಿತು ಬಂದ ಮಾತೆಲ್ಲ ಮರೆತುಹೋಯಿತು.

"ಹೊಟ್ಟೆಕಿಚ್ಚು ಕಣೋ," ಅಂದೆ. "ಅವಳ ಬೆರಳು ನಿನ್ನ ಬೆರಳ ಮೇಲಿತ್ತು. ನಾನು ಮೂರು ವರ್ಷದಿಂದ ಹೊರೆ ಕೆಳಗೆ ನಿಂತಿದ್ದೀನಿ, ನನಗೆ ಯಾವತ್ತಾದ್ರೂ ಅಷ್ಟು ಸಿಕ್ಕಿದೆಯಾ?"

ಅವನು ಗುದ್ದಲಿ ನಿಲ್ಲಿಸಿದ.

"ನಾನೇ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಅಂದೆ.

"ಬೇರೆ ಯಾರಾದ್ರೂ ಆಗಿದ್ರೆ ಸಿಕ್ಕಿದ್ದನ್ನ ಸಿಕ್ಕ ಹಾಗೆ ತಳ್ಳಿ ಹೋಗ್ತಿದ್ರು. ಇಲ್ಲಿ ನೋಡಿದ್ರೆ ಹಳದಿ ಮಣ್ಣು ತಳಕ್ಕೆ, ಕಂದು ನಡುವಿಗೆ, ಕಪ್ಪು ಮೇಲಕ್ಕೆ. ಸಾಲದ್ದಕ್ಕೆ ಪಾಚಿ ಬೇರೆ ಹೊದಿಸಿದ್ದೀಯ! ಅಷ್ಟು ಸಿಟ್ಟಲ್ಲೂ ಬೆಳೆ ಕೊಡೋ ಕಪ್ಪು ಮಣ್ಣನ್ನ ತಳಕ್ಕೆ ಹಾಕೋಕೆ ಕೈ ಬರಲಿಲ್ಲ ಅಲ್ವಾ?"

"ತಳಕ್ಕೆ ಹಾಕಿದ್ರೆ ನಮ್ಮಜ್ಜಿ ಗೋರಿಯಿಂದ ಎದ್ದು ಬಂದು ಹೊಡೀತಿದ್ಳು."

ಸೊಟ್ಟ ಹಲ್ಲು ಚೂರೇ ಚೂರು ಇಣುಕಿತು. ಅವನು ಜೇಬಿನಿಂದ ಒಂದು ಬಟ್ಟೆಗಂಟು ತೆಗೆದ. ಶನಿವಾರ ಕಂಡದ್ದೇ. ಬಿಚ್ಚಿದರೆ ಮಣ್ಣು.

"ಇದು ಕಾಡಿನದಲ್ಲ, ನನ್ನ ಪಾಲಿಗೆ ಬಂದ ಹೊಲದ್ದು. ಹಿರಿಯನಿಗೂ ಕಿರಿಯನಿಗೂ ಕೊಟ್ಟ ಮೇಲೆ ನಡುವಿನ ಮಗನಿಗೆ ಅಪ್ಪ ಏನು ಬಿಡ್ತಾನೆ? ಮೇಲಿನ ಆ ತುಂಡು, ಯಾರಿಗೂ ಬೇಡದ್ದು. ಅಲ್ಲಿ ಬಾಳೆ ಬರುತ್ತಾ, ಎರಡು ಹಸುವಿಗೆ ಆಗೋಷ್ಟು ಹುಲ್ಲು ಬರುತ್ತಾ ಅಂತ ಕೇಳಿದೆ. 'ಒತ್ತಿ ನೋಡು, ಒಳಗೆ ನೀರಿದ್ರೆ ಬರುತ್ತೆ' ಅಂದ್ರು ಡಾಕ್ಟರಮ್ಮ. ನೀರು ಬಂತು, ಅದಕ್ಕೆ ನಕ್ಕೆ."

"ಎರಡು ಹಸು ಯಾಕೆ? ನಿನ್ನ ಹತ್ರ ಒಂದೂ ಇಲ್ಲ."

"ಅದೇ," ಅಂದ.

ನಾನು ಗುಂಡಿಗಿಳಿದೆ. ಇಳಿಯಲು ಕೈ ಕೊಟ್ಟವನು ಆ ಕೈ ಬಿಡಲಿಲ್ಲ. ಚಿಟಿಕೆ ಮಣ್ಣು ನನ್ನ ಬೆರಳ ನಡುವೆ ಇಟ್ಟು ತನ್ನ ಬೆರಳಿಂದ ಒತ್ತಿದ. ಬೆಚ್ಚಗಿನ, ಒರಟು ಬೆರಳು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಏನೂ ಆಗದಿರಲಿ ದೇವರೇ, ಒತ್ತುತ್ತಲೇ ಇರಲಿ, ಅಂದುಕೊಂಡೆ. ಆಮೇಲೆ ತಟ್ಟನೆ ಮಣ್ಣು ಕರಗಿ, ತಣ್ಣಗೆ ಜಾರಿ, ನಮ್ಮಿಬ್ಬರ ಬೆರಳೂ ಒಂದಾದವು.

ಇಬ್ಬರೂ ಸೇರಿ ಮಧ್ಯಾಹ್ನದೊಳಗೆ ಭುಜದವರೆಗೆ ತೋಡಿದೆವು. ಅರಿಶಿನ ತಲೆವಸ್ತ್ರ ಮೇಲೆ ಕಾಣಿಸಿದಾಗ ನಾನೇ ಮೊದಲು ಬಾಯಿಬಿಟ್ಟೆ.

"ಡಾಕ್ಟರಮ್ಮ, ಆ ಗುಂಡಿ ಮುಚ್ಚಿದ್ದು ಇವನಲ್ಲ. ನಾನು."

"ಯಾಕಮ್ಮಾ?"

"ಹೊಟ್ಟೆಕಿಚ್ಚಿಗೆ."

ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಒಂದೇ ಮಣ್ಣು ಹತ್ತಿದ ನಮ್ಮ ಬೆರಳುಗಳನ್ನು ನೋಡಿದಳು. "ಎರಡು ಹಸುಗಳ ಒಡತಿ ನೀನೇನಾ?" ಅಂದವಳು ನಗಲಾರಂಭಿಸಿದಳು. "ಎರಡು ದಿನ ನನ್ನ ರಕ್ತ ಕುದಿಸಿದ್ದೀಯ ಮಾರಾಯ್ತಿ. ಆದರೂ ಇಷ್ಟು ಚೆನ್ನಾಗಿ ಗುಂಡಿ ಮುಚ್ಚೋರನ್ನ ನಾನು ಎಲ್ಲೂ ಕಂಡಿಲ್ಲ. ಅವನ ಪತ್ರ ಕೊಡ್ತೀನಿ ಬಿಡು. ಪ್ರತಿ ಮಳೆಗಾಲ ಮುಗಿದ ಮೇಲೆ ನಾನೂ ಬಂದು ಅವನ ಕೆಲಸ ನೋಡ್ತೀನಿ."

ಪ್ರತಿ ಮಳೆಗಾಲ ಮುಗಿದ ಮೇಲೆ! ತಣ್ಣಗಾಗಿದ್ದ ನನ್ನ ಹೊಟ್ಟೆಯಲ್ಲಿ ಮತ್ತೆ ಚುರ್ರೆಂದಿತು.

ಚೀಲಗಳು ತುಂಬಿದವು. ಡಾಕ್ಟರಮ್ಮ ಮುಂದೆ ಇಳಿದಳು. ಅವನು ಜರೀಗಿಡದ ಮೇಲಿನ ಎಲೆ ತೆಗೆದು ಜೇಬಿಗಿಟ್ಟುಕೊಂಡ.

"ಅದು ಯಾಕೆ?"

"ನೀನು ಹೊಟ್ಟೆಕಿಚ್ಚಿನವಳು. ಮುಂದೆ ನನಗೇ ಬೇಕಾಗುತ್ತೆ."

"ಒಂದು ಮಾತು ಹೇಳು. ಅವಳ ಕೈ ಮೆತ್ತಗಿತ್ತಾ?"

"ಇಲ್ಲ, ತಣ್ಣಗಿತ್ತು."

"ಅಂದ್ರೆ ಗಮನಿಸಿದ್ದೀಯ!"

ಅವನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ತಿರುವಿನಿಂದ ಡಾಕ್ಟರಮ್ಮ ಕೂಗಿದಳು. ಅವನ ಮುಖ ಅತ್ತ ಹೊರಳಿತು. ನಾನು ಗದ್ದ ಹಿಡಿದು ಇತ್ತ ತಿರುಗಿಸಿಕೊಂಡೆ, ಹೆಬ್ಬೆರಳಿಂದ ಒತ್ತಿ, ಬಿಡುವಾಗ ಒಂದು ಗಳಿಗೆ ತಡ ಮಾಡಿದೆ. ಗದ್ದದ ಮೇಲೆ ಕಪ್ಪಗೆ ನನ್ನ ಬೆರಳಚ್ಚು ಮೂಡಿತು. ಅವನು ಚೀಲಗಳನ್ನು ಹೆಗಲಿಗೇರಿಸಿ, ಅದನ್ನು ಒರೆಸಿಕೊಳ್ಳದೆ ಇಳಿದುಹೋದ.