ತಿದ್ದಿ ಅಳಿಸಿದ ಪ್ರೋಗ್ರಾಮ್

ಮಧ್ಯಾಹ್ನ ಎರಡೂಕಾಲಿಗೆ ಮೇಷ್ಟ್ರು ದೂರು ಹಿಡಿದು ಠಾಣೆಯೊಳಗೆ ಬಂದಾಗ ಇನ್‌ಸ್ಪೆಕ್ಟರ್ ಕುರ್ಚಿ ಬಿಟ್ಟು ಎದ್ದು ನಿಂತಳು. ಹೈಸ್ಕೂಲಿನಲ್ಲಿ ಅವಳ ತಲೆಗೆ ಗಣಿತ ಹತ್ತಿಸಿದವರು ಇವರೇ. ಇವರ ಮುಂದೆ ಲಾಠಿ ಹಿಡಿಯಲೂ ಅವಳಿಗೆ ಸಂಕೋಚ.

"ಊಟದ ಬಿಡುವಲ್ಲಿ ಯಾರೋ ನನ್ನ ಕ್ಲಾಸಿನ ಹುಡುಗಿಯ ಕಂಪ್ಯೂಟರ್ ಪ್ರೋಗ್ರಾಮ್ ಪೂರ್ತಿ ಅಳಿಸಿಬಿಟ್ಟಿದ್ದಾರಮ್ಮ. ಫೈನಲ್ಲಲ್ಲಿ! ಎದುರಾಳಿ ಶಾಲೆಯವರದೇ ಕೆಲಸ."

ಪ್ರೋಗ್ರಾಮಿಂಗ್ ಸ್ಪರ್ಧೆ ಗೆದ್ದವರಿಗೆ ದೂರದ ದೊಡ್ಡ ಶಾಲೆಯಲ್ಲಿ ಪುಕ್ಕಟೆ ಸೀಟು. ಬೇರೆಯವರು ಅಳಿಸಿದ್ದೆಂದು ಸಂಜೆಯೊಳಗೆ ಸಾಬೀತಾಗದಿದ್ದರೆ ಹುಡುಗಿಗೆ ಸೊನ್ನೆ ಅಂಕ ಎಂದು ತೀರ್ಪುಗಾರರು ಕಡ್ಡಿ ಮುರಿದಂತೆ ಹೇಳಿದ್ದರು. ಎಫ್‌ಐಆರ್ ದಾಖಲಾಯಿತು.

ಸ್ಪರ್ಧೆ ನಡೆಯುತ್ತಿದ್ದ ಮೇಷ್ಟ್ರ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಕೀಲಿ ಆಫೀಸಿನ ಮೊಳೆಯಲ್ಲಿ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಕಂಪ್ಯೂಟರ್ ಬಲ್ಲ ಕಾನ್‌ಸ್ಟೇಬಲ್ ಅರ್ಧ ಗಂಟೆ ತಿಣುಕಾಡಿ ಅಳಿಸಿದ್ದನ್ನು ಮರಳಿ ತೆಗೆದ. ಹುಡುಗಿ ಓದುತ್ತಾ ಹೋದವಳು ಒಂದು ಸಾಲಿನಲ್ಲಿ ನಿಂತುಬಿಟ್ಟಳು.

"ಇಲ್ಲಿ ನಾನು ತಪ್ಪು ಮಾಡಿದ್ದೆ ಮೇಡಂ. ಸೊನ್ನೆಯಿಂದ ಎಣಿಸೋ ಕಡೆ ಒಂದರಿಂದ ಎಣಿಸಿದ್ದೆ. ಊಟ ಮಾಡ್ತಾ ನೆನಪಾಯ್ತು. ಈಗ ನೋಡಿದ್ರೆ ಸರಿ ಇದೆ!"

"ಅಳಿಸೋಕೆ ಸ್ವಲ್ಪ ಮುಂಚೆ ತಿದ್ದಿದ್ದಾರೆ," ಎಂದು ಕಾನ್‌ಸ್ಟೇಬಲ್ ನಕ್ಕ. "ದೋಚೋಕೆ ಬಂದ ಕಳ್ಳ ಮನೆ ಕಸ ಗುಡಿಸಿ ಹೋದ ಹಾಗಾಯ್ತು!"

ಇನ್‌ಸ್ಪೆಕ್ಟರ್ ನಗಲಿಲ್ಲ. ಹೈಸ್ಕೂಲಿನಲ್ಲಿ ಒಮ್ಮೆ ಸಿಟ್ಟಿನ ಭರದಲ್ಲಿ ಮೇಷ್ಟ್ರು ಅವಳ ನೋಟ್‌ಬುಕ್ಕನ್ನು ಕಿಟಕಿಯಾಚೆ ಎಸೆದಿದ್ದರು. ಅಳುತ್ತಾ ಹೋಗಿ ಎತ್ತಿಕೊಂಡು ನೋಡಿದರೆ, ಎಲ್ಲ ಲೆಕ್ಕವನ್ನೂ ತಿದ್ದಿಯೇ ಎಸೆದಿದ್ದರು. ಅವಳು ಲ್ಯಾಬಿನಿಂದ ಹೊರಗೆ ನಡೆದಳು.

ವರಾಂಡದಲ್ಲಿ ಮೇಷ್ಟ್ರು ಎದುರಾಳಿಗಳ ಮೇಲೆ ಇನ್ನೂ ಹಾರಾಡುತ್ತಿದ್ದರು.

"ಸಾರ್, ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ಸ್ಟಾಫ್ ರೂಮಲ್ಲಿ."

"ಒಂದನ್ನ ಸೊನ್ನೆ ಮಾಡಿದ್ದು ಯಾಕೆ?"

ಮೇಷ್ಟ್ರು ವರಾಂಡದ ಬೆಂಚಿನ ಮೇಲೆ ಕುಳಿತುಬಿಟ್ಟರು.

"ಮೂರು ವರ್ಷದಿಂದ ಅದೇ ತಪ್ಪು ಮಾಡ್ತಾಳೆ. ಕಣ್ಣಿಗೆ ಬಿದ್ಮೇಲೆ ಹಾಗೇ ಬಿಡೋಕೆ ಕೈ ಬರ್ಲಿಲ್ಲ."

"ಅಳಿಸೋಕೆ ಕೈ ಬಂತಾ ಸಾರ್?"

"ಆ ದೊಡ್ಡ ಶಾಲೆಯ ಮೇಷ್ಟ್ರ ಹತ್ರ ಮಾತಾಡಿ, ಗೆದ್ರೆ ಅಲ್ಲಿಗೆ ಹೋಗೋಕೆ ಒಪ್ಪಿಕೊಂಡಿದ್ದಾಳೆ. ನನಗೊಂದು ಮಾತು ಹೇಳ್ಲಿಲ್ಲ. ಗೆಲ್ಲದಿದ್ರೆ ಇಲ್ಲೇ ಉಳೀತಾಳೆ ಅಂತ ಅಳಿಸಿದೆ, ಅನುಮಾನ ಬರದಿರಲಿ ಅಂತ ನಾನೇ ದೂರೂ ಕೊಟ್ಟೆ. ತಯಾರು ಮಾಡೋದು ನಾನು, ಹೆಸರು ಇನ್ಯಾರಿಗೋ. ನೀನೂ ಹೀಗೇ ಹೋದೆ. ತಿರುಗಿ ಒಂದ್ಸಲ ನೋಡೋಕೆ ಬಂದ್ಯಾ?"

ಇನ್‌ಸ್ಪೆಕ್ಟರ್ ಅವರನ್ನು ದಸ್ತಗಿರಿ ಮಾಡಿದಳು. ಕೋಳ ಮಾತ್ರ ತೊಡಿಸಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು.

"ಗೆದ್ಮೇಲೆ ಮೊದಲು ನಿಮಗೇ ಹೇಳೋಣ ಅಂತಿದ್ದೆ ಸಾರ್," ಎಂದಳು.

ತೀರ್ಪುಗಾರರು ಸ್ಪರ್ಧೆ ಮುಂದುವರಿಸಲು ಅವಳಿಗೆ ಅವಕಾಶ ಕೊಟ್ಟರು. ಜೀಪು ಹತ್ತುವ ಮುನ್ನ ಇನ್‌ಸ್ಪೆಕ್ಟರ್ ಲ್ಯಾಬಿನ ಕಿಟಕಿಯಿಂದ ಒಳಗೆ ನೋಡಿದಳು. ಹುಡುಗಿ ಮೇಷ್ಟ್ರು ತಿದ್ದಿದ ಆ ಸಾಲನ್ನು ಅಳಿಸಿದಳು. ಕಣ್ಣೊರೆಸಿಕೊಂಡು, ಅದೇ ಸಾಲನ್ನು ಸೊನ್ನೆ ಹಾಕಿ ತಾನೇ ಮತ್ತೆ ಬರೆದಳು.