ಉಬ್ಬದ ಹಿಟ್ಟು

ಅತ್ತೆ ಪಾತ್ರೆಯ ಮೇಲಿನ ಒದ್ದೆ ಬಟ್ಟೆ ಎತ್ತಿ ನೋಡಿದಳು. ಮತ್ತೆ ಮುಚ್ಚಿದಳು. ಮತ್ತೆ ಎತ್ತಿದಳು.

"ಏನಾಯ್ತು ಅತ್ತೆ?" ಇರುವೆ ಕಣ್ಣುಜ್ಜಿಕೊಳ್ಳುತ್ತಾ ಮೆಟ್ಟಿಲಿಳಿದು ಬಂದಳು.

"ಹಿಟ್ಟು ಉಬ್ಬಿಲ್ಲ."

ಇರುವೆ ಬಗ್ಗಿ ನೋಡಿದಳು. ದಿನಾ ಈ ಹೊತ್ತಿಗೆ ಹಿಟ್ಟು ಉಬ್ಬಿ ಬಟ್ಟೆಯನ್ನೇ ಮೇಲೆತ್ತಿರುತ್ತಿತ್ತು. ಹೊದಿಕೆಯೊಳಗೆ ಯಾರೋ ಗುಂಡಣ್ಣ ಮಲಗಿದ್ದಾನೆ ಅನ್ನಿಸಬೇಕು, ಹಾಗೆ. ಇವತ್ತು ಅದು ಸಿಟ್ಟು ಮಾಡಿಕೊಂಡ ಮಗುವಿನ ಥರ ಪಾತ್ರೆಯ ತಳ ಹಿಡಿದು ಬಿದ್ದಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿತ್ತು, ಗುಳಿ ಹಾಗೇ ಉಳಿಯಿತು.

ಇರುವೆ ಬೆರಳು ಹಿಂದಕ್ಕೆಳೆದುಕೊಂಡಳು. ಇದೆಲ್ಲ ತನ್ನಿಂದಲೇ ಆಗಿದ್ದು.

ಅವಳ ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ. ಸಕ್ಕರೆ ಇದ್ದಲ್ಲಿ ಇವಳು ಇದ್ದೇ ಇರುತ್ತಾಳೆ ಅಂತ ಅತ್ತೆ ಇಟ್ಟ ಹೆಸರು ಇರುವೆ. ಮನೆ ಮೇಲೆ, ಅತ್ತೆಯ ಬೇಕರಿ ಕೆಳಗೆ. ಇಳಿಯುವಾಗ ಒಂದು ಬನ್, ಹತ್ತುವಾಗ ಒಂದು ಬಿಸ್ಕತ್ತು. ಕೇಳುವವರು ಯಾರು?

ಕೊನೆಗೆ ಕೇಳಿದ್ದು ಹಲ್ಲು. ದವಡೆ ಹಲ್ಲು ನೋಯತೊಡಗಿದ ಮೇಲೆ ಇರುವೆ ಕೆನ್ನೆ ಊದಿಸಿಕೊಂಡು ಅತ್ತಳು. ಅತ್ತೆ ಅವಳನ್ನು ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರ್ ಹುಳುಕು ತೆಗೆದು ಫಿಲ್ಲಿಂಗ್ ಹಾಕಿದರು.

"ಇವಳೊಬ್ಬಳೇ ಅಲ್ಲ," ಡಾಕ್ಟರ್ ಕೈ ತೊಳೆಯುತ್ತಾ ಹೇಳಿದರು. "ಮೊನ್ನೆ ಶಾಲೆಗೆ ಹೋಗಿ ಎಲ್ಲರ ಬಾಯಿ ನೋಡಿದೆ. ಅರ್ಧಕ್ಕರ್ಧ ಮಕ್ಕಳದ್ದು ಇದೇ ಕತೆ."

ಅತ್ತೆಯ ಮುಖ ಸಣ್ಣಗಾಯಿತು. ಶಾಲೆಯ ಎದುರಿಗೆ ಇದ್ದದ್ದು ಒಂದೇ ಬೇಕರಿ.

"ಸಿಹಿ ಇರಬೇಕು, ಹಲ್ಲು ಹಾಳಾಗಬಾರದು. ಅಂಥದ್ದು ಏನಾದ್ರೂ ಇದೆಯಾ ಡಾಕ್ಟರ್?"

"ಇದೆ. ಕ್ಸೈಲಿಟಾಲ್ ಅಂತ. ಮರದಿಂದ, ಮೆಕ್ಕೆಜೋಳದ ದಿಂಡಿನಿಂದ ತೆಗೀತಾರೆ. ನೋಡೋಕೆ ಸಕ್ಕರೆ, ತಿನ್ನೋಕೂ ಸಕ್ಕರೆ. ಬಾಯಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರ್ತವಲ್ಲ, ಅವು ಸಕ್ಕರೆ ತಿಂದು ಹುಳಿ ಬಿಡ್ತವೆ. ಆ ಹುಳಿ ಹಲ್ಲನ್ನ ಕೊರೆಯುತ್ತೆ. ಆದ್ರೆ ಈ ಕ್ಸೈಲಿಟಾಲ್ ಅವಕ್ಕೆ ದಕ್ಕಲ್ಲ."

ಆ ಹೆಸರು ಅತ್ತೆಯ ನಾಲಿಗೆಗೂ ದಕ್ಕಲಿಲ್ಲ. "ಮರದ ಸಕ್ಕರೆ" ಅಂದುಬಿಟ್ಟಳು. ಶಾಲೆಯ ಸ್ಪೋರ್ಟ್ಸ್ ಡೇಗೆ ಬನ್ ಕೊಡುವುದು ಪ್ರತಿ ವರ್ಷ ಅವಳೇ. "ಈ ಸಲ ಹಲ್ಲಿಗೆ ಒಳ್ಳೇದಾದ ಬನ್ ಕೊಡ್ತೀನಿ," ಅಂತ ಪಿ.ಟಿ. ಸರ್‌ಗೆ ಮಾತು ಕೊಟ್ಟಳು. ಚೀಲಗಟ್ಟಲೆ ಮರದ ಸಕ್ಕರೆ ತರಿಸಿದಳು.

ಆ ಸ್ಪೋರ್ಟ್ಸ್ ಡೇ ಇವತ್ತೇ. ಮಧ್ಯಾಹ್ನಕ್ಕೆ ಬನ್ ಮೈದಾನದಲ್ಲಿರಬೇಕು.

ಅಷ್ಟರಲ್ಲಿ ಅಂಗಡಿಗಳಿಗೆ ಬ್ರೆಡ್ ಹಾಕಿ ಅಪ್ಪ ವ್ಯಾನ್ ತಂದು ನಿಲ್ಲಿಸಿದರು. ಪಾತ್ರೆಯೊಳಗೆ ಇಣುಕಿ ನೋಡಿ ತಂಗಿಯ ಮುಖ ನೋಡಿದರು.

"ಹೋಗ್ಲಿ ಬಿಡು. ಮಾಮೂಲಿ ಸಕ್ಕರೆ ಹಾಕಿ ಹಳೇ ಬನ್ನೇ ಮಾಡು. ತಿನ್ನೋ ಮಕ್ಕಳು ಯಾವ ಸಕ್ಕರೆ ಅಂತ ಕೇಳ್ತಾರಾ?"

"ನಾನು ಕೇಳ್ತೀನಿ ಅಣ್ಣ," ಅಂದಳು ಅತ್ತೆ.

ಇರುವೆ ಗೋಡೆಗೆ ಒರಗಿ ನಿಂತಳು. ಅತ್ತೆ ಬೈದಿದ್ದರೆ ವಾಸಿಯಿತ್ತು. "ನಿನ್ನ ಹಲ್ಲಿನ ದೆಸೆಯಿಂದ ನೋಡು ಏನಾಯ್ತು" ಅಂದಿದ್ದರೂ ಸರಿ, ಅತ್ತು ಮುಗಿಸಬಹುದಿತ್ತು. ಅತ್ತೆ ಮಾತ್ರ ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಪಾತ್ರೆಯ ಮುಂದೆ ಕೂತಳು. ಒಂದು ಚೂರು ಹಿಟ್ಟು ಕಿತ್ತು ಮೂಸಿದಳು, ಎಳೆದು ನೋಡಿದಳು.

"ಯಾಕೆ ಉಬ್ಬಿಲ್ಲ ನೀನು?" ಹಿಟ್ಟನ್ನೇ ಕೇಳಿದಳು.

"ಹಳೇ ಈಸ್ಟ್ ಇರಬೇಕು," ಅಂದರು ಅಪ್ಪ.

"ಈಗಲೇ ಗೊತ್ತಾಗುತ್ತೆ. ಇರುವೆ, ಒಂದು ಗಾಜಿನ ಲೋಟ ತಾ. ನೀರು ಉಗುರುಬೆಚ್ಚಗಿರಲಿ."

ಹಿಟ್ಟನ್ನು ಉಬ್ಬಿಸುವ ಈಸ್ಟ್ ಬದುಕಿದೆಯೋ ಸತ್ತಿದೆಯೋ ನೋಡುವುದು ಇರುವೆಗೂ ಗೊತ್ತಿತ್ತು. ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಈಸ್ಟ್. ಬದುಕಿದ್ದರೆ ನೊರೆ ಬರುತ್ತದೆ. ಅತ್ತೆ ಇದನ್ನು "ಈಸ್ಟ್ ಎಬ್ಬಿಸೋದು" ಅನ್ನುತ್ತಾಳೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಳ್ಳೆ ಬಂದವು. ನೊರೆ ಲೋಟದ ಅಂಚಿಗೆ ಬಂತು, ಅಂಚು ದಾಟಿ ಮೇಜಿನ ಮೇಲೂ ಇಳಿಯಿತು.

"ಸತ್ತಿಲ್ಲ, ಕುಣೀತಿದೆ," ಅಂದಳು ಅತ್ತೆ. "ಹಾಗಿದ್ರೆ ನಿನ್ನೆ ಏನು ಬಂತು ಇದಕ್ಕೆ?"

ಇರುವೆ ನೊರೆಯನ್ನೇ ನೋಡುತ್ತಿದ್ದಳು. ಏನೋ ನೆನಪಾಯಿತು. ಹೇಳಲೋ ಬೇಡವೋ ಅಂತ ಲಂಗದ ಅಂಚು ತಿರುಚಿದಳು.

"ಅತ್ತೆ, ನಿನ್ನೆ ನೀನು ಈಸ್ಟ್ ಎಬ್ಬಿಸಿದ್ದು ಈ ಸಕ್ಕರೆಯಲ್ಲಿ ಅಲ್ಲ. ಮರದ ಸಕ್ಕರೆಯಲ್ಲಿ."

"ಹೌದು. ಒಂದು ಚಿಟಿಕೆಯೂ ಹಳೇ ಸಕ್ಕರೆ ಬೇಡ ಅಂತ. ಅವಸರದಲ್ಲಿ ನೊರೆ ಬಂತಾ ಅಂತಲೂ ನೋಡದೆ ಹಿಟ್ಟಿಗೆ ಸುರಿದೆ." ಅತ್ತೆ ತಟ್ಟನೆ ಎದ್ದಳು. ಇರುವೆಯನ್ನು ನೋಡಿದಳು. "ಇನ್ನೊಂದು ಲೋಟ ತಾ."

ಎರಡನೆಯ ಲೋಟಕ್ಕೆ ಅದೇ ನೀರು, ಅದೇ ಈಸ್ಟ್, ಒಂದು ಚಮಚ ಮರದ ಸಕ್ಕರೆ. ಮೂವರೂ ತಲೆ ಕೂಡಿಸಿ ಕಾದರು. ಅಪ್ಪ ವ್ಯಾನ್ ಕೀಲಿ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ನೀರು ಕದಡಿದ ಹಾಗಿತ್ತು. ಹಾಗೇ ಇತ್ತು. ಒಂದೆರಡು ಗುಳ್ಳೆ ಬಂದಂತೆ ಮಾಡಿ ಒಡೆದು ಹೋದವು. ಪಕ್ಕದ ಲೋಟ ಮಾತ್ರ ನೊರೆ ಉಕ್ಕಿಸುತ್ತಲೇ ಇತ್ತು.

"ಇದನ್ನ ತಿನ್ನೋಕೆ ಆಗ್ತಿಲ್ಲ ಅವಕ್ಕೆ," ಇರುವೆ ಮೆಲ್ಲಗೆ ಹೇಳಿದಳು. "ಡಾಕ್ಟರ್ ಹೇಳಿದ್ರಲ್ಲ ಅತ್ತೆ, ಬಾಯಿಯ ಕ್ರಿಮಿಗಳದ್ದು. ಹಾಗೇ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ದಿನಾ ಬ್ರೆಡ್ ಒಯ್ಯಲು ಬರುವ ಹಲ್ಲಿನ ಡಾಕ್ಟರೇ ನಿಂತಿದ್ದರು. ನಡೆದದ್ದನ್ನೆಲ್ಲ ಅತ್ತೆ ಹೇಳಿದಳು. ಡಾಕ್ಟರ್ ಕನ್ನಡಕ ಸರಿಮಾಡಿಕೊಂಡು ಎರಡೂ ಲೋಟ ಎತ್ತಿ ಬೆಳಕಿಗೆ ಹಿಡಿದರು.

"ಈಸ್ಟ್ ಬೇರೆ, ಹಲ್ಲಿನ ಕ್ರಿಮಿ ಬೇರೆ, ಮರಿ," ಅಂದರು. "ಆದ್ರೆ ನೀನು ಹೇಳಿದ್ದು ಸರಿ. ಇಬ್ಬರ ಪಾಡೂ ಒಂದೇ. ತುತ್ತು ಬಾಯಿಗೆ ಬಂತು, ಹೊಟ್ಟೆಗೆ ದಕ್ಕಲಿಲ್ಲ. ಹೊಟ್ಟೆಗಿಲ್ಲದೆ ಅದು ಹುಳಿ, ಇದು ಗುಳ್ಳೆ ಎಲ್ಲಿಂದ ಬಿಡಬೇಕು?"

"ಅಂದ್ರೆ ನನ್ನ ಹಿಟ್ಟು ಕೆಟ್ಟಿದ್ದೇ ಇದು ಒಳ್ಳೇದು ಅನ್ನೋದಕ್ಕೆ ಸಾಕ್ಷಿ," ಅಂದಳು ಅತ್ತೆ. ನಕ್ಕೇಬಿಟ್ಟಳು. ನಗುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸರಿ. ಇವಕ್ಕೆ ಏನು ಬೇಕೋ ಅದನ್ನೇ ಕೊಡೋಣ. ಈಸ್ಟಿಗೆ ಹಿಟ್ಟು ಸಾಕು. ನಿನ್ನೆ ಮರದ ಸಕ್ಕರೆ ಜಾಸ್ತಿ ಸುರಿದು ಅದನ್ನೂ ತಿನ್ನೋಕೆ ಬಿಡಲಿಲ್ಲ ನಾನು. ಸಿಹಿ ಒಳಗೆ ಬೇಡ, ಬೆಂದ ಮೇಲೆ ಹೊರಗೆ. ಅಣ್ಣ, ಹಿಟ್ಟಿನ ಮೂಟೆ ಇಳಿಸು."

ಡಾಕ್ಟರ್ ಹೊರಡುವಾಗ ಕೆಟ್ಟ ಹಿಟ್ಟಿನ ಕಡೆ ಕೈ ತೋರಿಸಿದರು. "ಅದನ್ನ ಬೀದಿ ನಾಯಿಗೆ ಹಾಕಬೇಡಿ. ನಮಗೆ ಒಳ್ಳೇದು, ನಾಯಿಗೆ ವಿಷ. ಮಕ್ಕಳಿಗೂ ಒಂದೊಂದೇ ಬನ್ ಸಾಕು, ಜಾಸ್ತಿಯಾದ್ರೆ ಹೊಟ್ಟೆ ಗುಡುಗುಡು ಅನ್ನುತ್ತೆ. ಮತ್ತೆ ನೀನು," ಇರುವೆಯ ಕೆನ್ನೆ ತಟ್ಟಿದರು, "ಬ್ರಷ್ ಮಾಡೋದು ಬಿಟ್ಟೀಯಾ, ಹುಷಾರು."

ಅತ್ತೆ ಕೆಟ್ಟ ಹಿಟ್ಟನ್ನು ಚೀಲಕ್ಕೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿದಳು. ಯಾವ ನಾಯಿಯೂ ಎಳೆಯದಂತೆ ಮುಚ್ಚಳವಿರುವ ತೊಟ್ಟಿಗೆ ಹಾಕಿ ಬಂದಳು.

ಆಮೇಲೆ ಕೆಲಸ ಶುರುವಾಯಿತು. ಅತ್ತೆ ಹಿಟ್ಟು ನಾದುವುದನ್ನು ಇರುವೆ ಎಷ್ಟೋ ಸಲ ನೋಡಿದ್ದಳು. ಇವತ್ತು ಮೊದಲ ಸಲ ನೋಡಿದ ಹಾಗಿತ್ತು. ಅಂಗೈಯಿಂದ ದೂಡುತ್ತಿದ್ದಳು, ಮಡಚುತ್ತಿದ್ದಳು, ತಿರುಗಿಸಿ ಮತ್ತೆ ದೂಡುತ್ತಿದ್ದಳು. ಹಣೆಯ ಬೆವರನ್ನು ಭುಜದಿಂದ ಒರೆಸಿಕೊಂಡಳೇ ಹೊರತು ಕೈ ನಿಲ್ಲಲಿಲ್ಲ. ಓವನ್ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಹೊಸ ಹಿಟ್ಟು ನಿಧಾನವಾಗಿ ಬಟ್ಟೆಯನ್ನು ಮೇಲೆತ್ತಿತು. ಇರುವೆ ಉಂಡೆ ಕಟ್ಟಿದಳು. ಅಪ್ಪನೂ ಕಟ್ಟಿದರು. ಅವರ ಉಂಡೆ ಒಂದೂ ದುಂಡಗಿರಲಿಲ್ಲ.

ಬಿಸಿ ಬನ್ ಹೊರಬಂದ ಹಾಗೇ ಅತ್ತೆ ಅವುಗಳ ಮೇಲೆ ಮರದ ಸಕ್ಕರೆಯ ಪಾಕ ಬಳಿದಳು. ಪಾಕ ಒಣಗಿ ಬಿಳಿಯಾಗಿ ಹೊಳೆಯಿತು.

ಮೈದಾನದಲ್ಲಿ ಮೊದಲ ಬನ್ ಕಚ್ಚಿದ್ದು ಇರುವೆಯ ಗೆಳೆಯ ಗೋಲಿ. ಕಚ್ಚಿದವನು ಅಗಿಯುವುದನ್ನು ನಿಲ್ಲಿಸಿದ. ಇರುವೆ ಅವನ ಹತ್ತಿರ ಸರಿದಳು.

"ಏನೋ? ಚೆನ್ನಾಗಿಲ್ವಾ?"

"ನಾಲಿಗೆ ತಣ್ಣಗಾಯ್ತು ಕಣೇ. ಬನ್ ಒಳಗೆ ಫ್ಯಾನ್ ಇಟ್ಟಿದ್ದಾರಾ?"

ಪಕ್ಕದವರೂ ಕಚ್ಚಿದರು. ಹೌದು, ಮರದ ಸಕ್ಕರೆ ಕರಗಿದ ಕಡೆಯೆಲ್ಲ ನಾಲಿಗೆ ತಣ್ಣಗೆ. ನಾಲಿಗೆ ಹೊರಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿಕೊಂಡರು. ನೂರು ಮೀಟರ್ ಓಟ ಶುರುವಾಗುವ ಹೊತ್ತಿಗೆ ಟ್ರೇಗಳು ಖಾಲಿ. ಇನ್ನೊಂದು ಕೇಳಿದವರಿಗೆಲ್ಲ ಅತ್ತೆ "ಒಂದೇ ಅಂದ್ರೆ ಒಂದೇ," ಅನ್ನುತ್ತಿದ್ದಳು. ಪಿ.ಟಿ. ಸರ್‌ಗೂ ಅದೇ ಉತ್ತರ.

ಸಂಜೆ ಇರುವೆ ಹೋಮ್‌ವರ್ಕ್ ಮುಗಿಸಿ ಕೆಳಗೆ ಬಂದಳು. ಬೇಕರಿಯ ಬಾಗಿಲು ಅರ್ಧ ಹಾಕಿತ್ತು. ಇಷ್ಟು ಕೆಲಸವಾದ ಮೇಲೆ ಅತ್ತೆ ಕಾಲು ಚಾಚಿ ಕೂತಿರುತ್ತಾಳೆ ಅಂದುಕೊಂಡಿದ್ದಳು.

ಅತ್ತೆ ನಿಂತಿದ್ದಳು. ಮೇಜಿನ ಮೇಲೆ ಹಿಟ್ಟಿನ ಪುಟ್ಟ ಪುಟ್ಟ ಉಂಡೆಗಳು, ಪ್ರತಿ ಉಂಡೆಯ ಮುಂದೆ ಬೇರೆ ಬೇರೆ ಅಳತೆಯಲ್ಲಿ ಮರದ ಸಕ್ಕರೆ.

"ಯಾರಾದ್ರೂ ಆರ್ಡರ್ ಕೊಟ್ಟಿದ್ದಾರಾ ಅತ್ತೆ?"

"ಇಲ್ವೇ. ಇವತ್ತು ಮೇಲೆ ಬಳಿದು ತಪ್ಪಿಸಿಕೊಂಡ್ವಿ. ಒಳಗೇ ಹಾಕೋದಾದ್ರೆ ಎಷ್ಟರ ತನಕ ಹಿಟ್ಟು ಸಹಿಸುತ್ತೆ, ನೋಡಬೇಕು." ಅತ್ತೆ ತಲೆ ಎತ್ತಲಿಲ್ಲ. ಬಾಯೊಳಗೇ ಏನೋ ಗುನುಗುತ್ತಿದ್ದಳು.

ಇರುವೆ ಬಾಗಿಲಲ್ಲೇ ನಿಂತು ಆ ಗುನುಗು ಕೇಳಿದಳು. ಬೆಳಗಿನಿಂದ ಅವಳ ಎದೆಯಲ್ಲಿ ಕೂತಿದ್ದ ಭಾರ ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಅತ್ತೆಗೆ ತಾನು ತೊಂದರೆ ತಂದೆ ಅಂದುಕೊಂಡಿದ್ದಳು. ಇಲ್ಲಿ ನೋಡಿದರೆ, ಯಾರೋ ಹೊಸ ಆಟ ತಂದುಕೊಟ್ಟ ಹಾಗೆ ಅತ್ತೆ ಮೈಮರೆತಿದ್ದಳು.

ಅವಳು ಕೈ ತೊಳೆದುಕೊಂಡು ಬಂದಳು. ಸ್ಟೂಲ್ ಎಳೆದು ಅತ್ತೆಯ ಪಕ್ಕ ಹಾಕಿಕೊಂಡಳು.

"ಯಾವುದು ಮೊದಲು?" ಕೇಳಿದಳು.

ಅತ್ತೆ ಸ್ವಲ್ಪ ಸರಿದು ಜಾಗ ಕೊಟ್ಟಳು.