ಹೆಸರು ಹಾಕಿದ ಮೇಲೆ ವಾಪಸ್ ಇಲ್ಲ

"ಮೊದ್ಲು ಹೆಸರು ನೀವೇ ಬರ್ಕೊಡಿ. ಆಮೇಲೇ ನಾನು ಪಾತ್ರೆ ಮುಟ್ಟೋದು."

ಅಂಬಿಕ ಚೀಟಿ, ಪೆನ್ನು ಮುಂದಕ್ಕೆ ತಳ್ಳಿದಳು.

ಆ ಯುವಕ ಪೆನ್ನನ್ನು ಒಂದೇ ಬೆರಳಿನಿಂದ ಅಷ್ಟೇ ನಿಧಾನವಾಗಿ ಹಿಂದಕ್ಕೆ ತಳ್ಳಿದ!

"ನೀವೇ ಬರೀರಿ. ಆದಿಲಕ್ಷ್ಮಮ್ಮ."

"ಯಾಕೆ? ಬರಿಯೋಕೆ ಬರಲ್ವಾ?"

"ಬರ್ತದೆ."

"ಮತ್ತೆ ಬರೀರಿ!"

"ಇಲ್ಲ."

ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಸೌಟುಗಳ ಮೇಲಿತ್ತು. ಫೋನಿನಲ್ಲಿ ಹೆಸರನ್ನು ಒತ್ತಿ, ದೊಡ್ಡ ಅಕ್ಷರ ಮಾಡಿ, ಅವಳ ಮುಂದೆ ಹಿಡಿದ.

ಬಂಗಾರಪೇಟೆ ಬಸ್ ಸ್ಟ್ಯಾಂಡ್ ಪಕ್ಕದ ಆ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವ ಕೆಲಸ ಅಂಬಿಕಳದು. ಗಿರಾಕಿ ಕೈಯಾರೆ ಬರೆದುಕೊಡಬೇಕು, ಬರೆದುಕೊಟ್ಟ ಹಾಗೆಯೇ ಹಾಕಬೇಕು ಎಂಬುದು ಮಾಲೀಕ ಮುನಿಸ್ವಾಮಪ್ಪನವರ ನಿಯಮ. ಹಿಂದೊಮ್ಮೆ ಮದುಮಗಳ ಪಾತ್ರೆಗಳ ಮೇಲೆಲ್ಲ ಅವಳ ಅಕ್ಕನ ಹೆಸರು ಬಿದ್ದು, ಬೀಗರು ಅಂಗಡಿ ಮುಂದೆಯೇ ಕೂಗಾಡಿದ್ದರು. ಅಂದಿನಿಂದ ಗೋಡೆಗೊಂದು ಬೋರ್ಡು: 'ಹೆಸರು ಹಾಕಿದ ಮೇಲೆ ವಾಪಸ್ ಇಲ್ಲ.'

ಯಾಕೋ ಏನೋ... ಅಂಬಿಕ ಆ ದಿನ ಚೀಟಿಯನ್ನು ತಾನೇ ಬರೆದುಕೊಂಡಳು.

ಹೆಸರು ಕೊರೆಯುವ ಮೆಷಿನ್ ಗುಯ್ಯೆಂದ ಕೂಡಲೇ ಅವನು ಎರಡೂ ಕಿವಿ ಮುಚ್ಚಿಕೊಂಡ. ಮುಖ ಹಿಂಡಿದಂತಾಯಿತು. ಅವಳು ಮೆಷಿನ್ ನಿಲ್ಲಿಸಿ, ಹಳೆಯ ಉಳಿ, ಸುತ್ತಿಗೆ ತೆಗೆದಳು. ಟಕ್... ಟಕ್... ಟಕ್... ಅವನ ಕೈಗಳು ಕೆಳಗಿಳಿದವು.

"ಇದು ಚೆನ್ನಾಗೈತೆ," ಅಂದ.

ಅಷ್ಟಕ್ಕೇ ಅವಳಿಗೇಕೆ ಖುಷಿಯಾಯಿತು?

ಅವನು ಹೊರಟ ಮೇಲೆ ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ಕನಕಮ್ಮ ಮೂಗು ಮುರಿದಳು.

"ಬರಿಯಾಕೆ ಬತ್ತದಂತೆ, ಬರಿಯಲ್ವಂತೆ! ಕೈಬರಹ ಸಾಕ್ಷಿ ಆಗ್ತದಲ್ಲಾ ಅಮ್ಮಣ್ಣಿ... ಆಂಡರ್ಸನ್‌ಪೇಟೆ ಛತ್ರದಾಗೆ ಪಾತ್ರೆ ಕಳುವಾಗಿದ್ದು ಕೇಳಿಲ್ವಾ?"

"ಸುಮ್ನಿರಕ್ಕಾ!"

ಆದರೆ ಅನುಮಾನ ಸುಮ್ಮನಿರಲಿಲ್ಲ.

ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ. ಒಮ್ಮೆ ಹಿತ್ತಾಳೆ ಬಿಂದಿಗೆ, ಒಮ್ಮೆ ಕೊಳದಪ್ಪಲೆ. ಪ್ರತಿ ಸಲವೂ ಬೇರೊಬ್ಬ ಹೆಂಗಸಿನ ಹೆಸರು!

"ಇದು ಯಾರ್ದು?"

"ಶಶಿರೇಖ ಅವರ್ದು."

"ಯಾವೂರು?"

"ಕ್ಯಾಸಂಬಳ್ಳಿ."

ಕೇಳಿದಷ್ಟಕ್ಕೆ ಉತ್ತರ, ಅದರಾಚೆ ಒಂದು ಮಾತಿಲ್ಲ. ಆದರೂ ಅವಳು ಕೆಲಸ ಮುಗಿಸುವವರೆಗೆ ಸ್ಟೂಲಿನ ಮೇಲೆ ಕೂತು, ಉಳಿಯ ಸದ್ದು ಕೇಳುತ್ತಾ, ಸಣ್ಣಗೆ ನಗುತ್ತಿದ್ದ. ಆ ನಗು ಕಾಣದ ದಿನ ತನ್ನೂರು ಉರಿಗಾಂಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಏನೋ ಕಳೆದುಕೊಂಡಂತೆ...

ಒಂದು ದಿನ ಅವನು ತಂದ ಬಿಂದಿಗೆಯನ್ನು ಬೆಳಕಿಗೆ ಹಿಡಿದ ಅಂಬಿಕ ಉಳಿಯನ್ನು ಕೆಳಗಿಟ್ಟಳು.

ಕುತ್ತಿಗೆಯ ಬಳಿ ಹಳೆಯ ಹೆಸರೊಂದನ್ನು ಉಜ್ಜಿ ತೆಗೆದ ಗುರುತು!

'ಅಯ್ಯೋ... ಕನಕಕ್ಕ ಹೇಳಿದ್ದೇ ನಿಜವಾ? ಇವನ ಚೀಟಿಗಳನ್ನೆಲ್ಲ ನಾನೇ ಬರೆದೆನಲ್ಲ... ನಾನೂ ಸಿಕ್ಕಿಬೀಳ್ತೀನಾ?'

ಮುನಿಸ್ವಾಮಪ್ಪ ಗುರುತು ನೋಡಿ ಫೋನ್ ಕೈಗೆತ್ತಿಕೊಂಡರು. "ಸ್ಟೇಷನ್ಗೆ ಒಂದ್ ಮಾತು ಹೇಳ್ಬುಡಾಣ."

"ಒಂದ್ ನಿಮಿಷ ಸಾರ್!"

ಅಂಬಿಕ ಸ್ಟೂಲಿನ ಮೇಲೆ ಕೂತಿದ್ದ ಅವನತ್ತ ಪೆನ್ನು ಚಾಚಿದಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು.

"ನೀವು ಕಳ್ಳ ಅಲ್ಲ ಅಂದ್ರೆ ಬರೀರಿ. ಎಲ್ರ ಮುಂದೆ... ಬರೀರಿ!"

ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. ಆಮೇಲೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಬರೆಯತೊಡಗಿದ. ಹಣೆ ಬೆವರಿತು. ಬೆರಳ ತುದಿ ಬೆಳ್ಳಗಾಯಿತು. 'ಪಾಪಕ್ಕ' ಎಂಬ ಹೆಸರು ಚೀಟಿಯ ಒಂದು ಮೂಲೆಯಲ್ಲಿ ಹುಟ್ಟಿ, ಗೆರೆ ದಾಟಿ, ಇನ್ನೊಂದು ಮೂಲೆಯಲ್ಲಿ ಉರುಳಿಬಿದ್ದಿತ್ತು.

"ನಮ್ಮ ಅಂಗನವಾಡಿ ಮಕ್ಳೇ ವಾಸಿ!" ಯಾರೋ ಕಿಸಕ್ಕನೆ ನಕ್ಕರು.

"ಸಾಕಾ?" ಅಂದ ಅವನು. ಬಿಂದಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮಾರನೇ ದಿನ ಬೆಳಗ್ಗೆ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ನುಗ್ಗಿದಳು.

"ನಾನೇ ಪಾಪಕ್ಕ! ಎಲ್ಲಮ್ಮಾ ನನ್ ಬಿಂದಿಗೆ? ನಮ್ ಕ್ಯಾಸಂಬಳ್ಳಿ ವೇಣೂನ ಕಳ್ಳ ಅಂದೋರು ಯಾರು? ಊರೋರ ಹಿತ್ತಾಳೆಗೆಲ್ಲ ಅವ್ನೇ ಕಲಾಯಿ ಹಾಕಿ ಹೊಳಪು ಕೊಡೋದು. ಉಜ್ಜಿದ್ರೆ ಹಳೇ ಹೆಸರು ಸವೀದೆ ಇರ್ತದಾ? ಅದ್ಕೇ ಮತ್ತೆ ಹಾಕ್ಸಾಕೆ ತರ್ತಾನೆ. ಇನ್ಮೇಲೆ ಈ ಅಂಗ್ಡಿಗೆ ಓಗಲ್ಲ ಅಂತವ್ನೆ!"

ಲೋಟ ಒರೆಸುತ್ತಿದ್ದ ಕನಕಮ್ಮನ ಕೈ ನಿಂತಿತು. ಅಂಬಿಕ ಬಿಂದಿಗೆಯನ್ನು ಎತ್ತಿ ಪಾಪಕ್ಕನ ಕೈಗಿಟ್ಟಳು.

ಮಧ್ಯಾಹ್ನದ ಬಸ್ಸಿಗೆ ಅವಳು ಕ್ಯಾಸಂಬಳ್ಳಿಯಲ್ಲಿದ್ದಳು.

ಅಂಗಳದ ಒಲೆಯ ಮುಂದೆ ವೇಣು ಕಾದ ಪಾತ್ರೆಯೊಳಗೆ ಹತ್ತಿಯ ಉಂಡೆ ಆಡಿಸುತ್ತಿದ್ದ. ತವರ ಬೆಳ್ಳಿಯಂತೆ ಹರಡುತ್ತಿತ್ತು. ತಲೆ ಎತ್ತಲಿಲ್ಲ.

"ನಾನು ನಿಮ್ಮನ್ನ ಕಳ್ಳ ಅಂದ್ಕೊಂಡೆ..."

"ಗೊತ್ತು."

"ನೀವಾದ್ರೂ ಹೇಳ್ಬೋದಿತ್ತಲ್ವಾ!"

"ಕೇಳಿದ್ರೆ ಹೇಳ್ತಿದ್ದೆ. ನೀವು ಪಾತ್ರೆ ಯಾರ್ದು ಅಂದ್ರಿ. ನಾನು ಯಾರು ಅಂತ ಕೇಳ್ಲೇ ಇಲ್ಲ."

ಅವಳು ಮಣ್ಣಿನ ಮೇಲೆಯೇ ಕುಳಿತುಬಿಟ್ಟಳು.

"ಈಗ ಕೇಳ್ತೀನಿ. ನೀವು ಯಾರು?"

ಅವನು ಪಾತ್ರೆಯನ್ನು ಒಲೆಯಿಂದ ಇಳಿಸಿದ.

"ನಂಗೆ ಆಟಿಸಂ ಐತೆ. ದೊಡ್ಡೋನಾದ್ಮೇಲೆ ಡಾಕ್ಟ್ರು ಹೇಳಿದ್ರು. ಅಕ್ಷರ ತಲೇಲಿ ನೆಟ್ಟಗಿರ್ತವೆ, ಕೈಗೆ ಬರೋ ಹೊತ್ಗೆ ಚೆದುರೋಗ್ತವೆ. ಕೈ ನೋಯ್ತದೆ. ಸ್ಕೂಲಲ್ಲಿ ಸೋಮಾರಿ ಅಂತ ಗೆಣ್ಣಿಗೆ ಹೊಡೀತಿದ್ರು. ಸೋಮಾರಿ ಅಲ್ಲ ನಾನು." ಹತ್ತಿಯನ್ನು ಪಕ್ಕಕ್ಕಿಟ್ಟ. "ಉಳಿ ಸದ್ದು ಇಷ್ಟ. ನೀವು ಕೆತ್ತೋದು ಇಷ್ಟ. ನೀವೇ ಬರೀರಿ ಅಂದಿದ್ದು ಅದ್ಕೂ ಸೇರಿ."

ಅವಳ ಕಣ್ಣು ತುಂಬಿತು. "ಎಲ್ರ ಮುಂದೆ ಬರೆಸಿದ್ದು ನನ್ನ ತಪ್ಪು ವೇಣು ಅವ್ರೇ. ಮತ್ತೆ ಬರ್ತೀರಾ?"

"ಗೊತ್ತಿಲ್ಲ."

ದಿನಗಳು ಉರುಳಿದವು. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಅವಳು ತಲೆ ಎತ್ತುತ್ತಿದ್ದಳು. ಅವನಲ್ಲ... ಅವನಲ್ಲ... ಈಗ ಅವಳಿಗೆ ತನ್ನ ಮೇಲೆಯೇ ಅನುಮಾನ. ಇಂಥವಳನ್ನು ಯಾರು ನಂಬುತ್ತಾರೆ?

ಒಂದು ಸಂಜೆ ಕೌಂಟರಿನ ಮೇಲೆ ಹೊಳೆಯುವ ಹಿತ್ತಾಳೆ ಬಿಂದಿಗೆಯೊಂದು ಕುಳಿತಿತು. ಪಕ್ಕದಲ್ಲಿ ಕೈಯಲ್ಲೇ ಬರೆದ ಚೀಟಿ. ಗೆರೆ ದಾಟಿ, ವಾಲಿ, ಒಂದಕ್ಕೊಂದು ಒರಗಿ ನಿಂತ ಮೂರು ಅಕ್ಷರ.

ಅಂಬಿಕ.

ಅವಳು ಚೀಟಿಯನ್ನು ಕೈಗೆತ್ತಿಕೊಂಡಳು. "ಇದು... ಯಾರ್ದು?"

"ಅಂಬಿಕ ಅವರ್ದು," ಅಂದ ವೇಣು, ಸೌಟುಗಳನ್ನು ನೋಡುತ್ತಾ.

"ಯಾವೂರು?"

"ಈಗ ಉರಿಗಾಂ. ಆಮೇಲೆ... ಅವ್ರು ಒಪ್ಪಿದ್ರೆ, ಕ್ಯಾಸಂಬಳ್ಳಿ."

ಕನಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಂಬಿಕ ಚೀಟಿಯನ್ನು ಬಿಂದಿಗೆಗೆ ಒತ್ತಿ ಹಿಡಿದು ಉಳಿ ತೆಗೆದಳು. ಅವನು ಗಾಬರಿಯಾದ.

"ನೀವು ನೆಟ್ಟಗೆ ಬರ್ಕೊಂಡು ಹಾಕಿ. ನಂದು ಸೊಟ್ಟ."

"ಬರ್ಕೊಟ್ಟಂಗೇ ಹಾಕೋದು. ಅಂಗಡಿ ರೂಲು."

"ಹಾಕಿದ್ಮೇಲೆ ವಾಪಸ್ ಇಲ್ಲ," ಅಂದ ಅವನು ಮೆಲ್ಲಗೆ, ಬೋರ್ಡು ತೋರಿಸುತ್ತಾ.

"ನಂಗೂ ವಾಪಸ್ ಬೇಡ ವೇಣು."

ಟಕ್... ಟಕ್... ಟಕ್...